ಉಪ್ಪಿನ ಚೌಕಿಯ ಡಬ್ಬಿ

೨೦೦೩ರ ಫೆಬ್ರವರಿ ೧೭, ಸೋಮವಾರ. ಬೆಳಿಗ್ಗೆ ೯.೪೦ಕ್ಕೆ ಖಾನಾಪುರ ತಾಲ್ಲೂಕಿನ ಕಾಡಂಚಿನ ಕಡಗಾಳಿ ಪೊಲೀಸ್ ಠಾಣೆಗೆ ಒಬ್ಬ ಹೆಣ್ಣುಮಗಳು ಲಿಖಿತ ದೂರು ತಂದುಕೊಟ್ಟರು. ಹೆಸರು ಅನುರಾಧಾ ಪಟ್ಟಣಶೆಟ್ಟಿ, ವಯಸ್ಸು ಮೂವತ್ತೆರಡು, ಬೆಳಗಾವಿಯ ಟಿಳಕವಾಡಿಯವರು. ಗಂಡ ಅಮರ ಹಿಂದಿನ ದಿನ ಕಾಡಿಗೆ ಹೋದವನು ತಲೆ ಒಡೆದು, ಎಡಗಾಲು ಮುರಿದು ಬೆಳಗಾವಿಯ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾನೆ, ಯಾರೋ ಹೊಡೆದಿದ್ದಾರೆ, ಹೊಡೆದವರನ್ನು ಹಿಡಿಯಬೇಕು ಎಂಬುದು ದೂರು.

ಪಿಎಸ್‌ಐ ಕಲಂದರ ನದಾಫ ಅದನ್ನು ನಿಂತುಕೊಂಡೇ ಓದಿದ. ಕೂರುವ ಸ್ಥಿತಿಯಲ್ಲಿ ಅವನು ಇರಲಿಲ್ಲ. ಎರಡು ದಿನದ ಬಂದೋಬಸ್ತ್ ಡ್ಯೂಟಿ ಮುಗಿಸಿ ಹತ್ತು ನಿಮಿಷದ ಹಿಂದಷ್ಟೇ ಠಾಣೆಗೆ ಬಂದಿದ್ದ. ಬಂದ ಕೂಡಲೇ ಕಂಡದ್ದು ಲಾಕಪ್ಪಿನ ಪಕ್ಕದ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತ ಮಾಯಪ್ಪ. ಮಾಯಪ್ಪ ಕಾಡಿನೊಳಗಿನ ಗವಳಿವಾಡೆಯವನು, ಹನ್ನೊಂದು ಎಮ್ಮೆ ಕಟ್ಟಿಕೊಂಡು ಹಾಲು ಮಾರಿ ಬದುಕುವವನು. ಅವನ ಅಂಗಿಯ ಬೆನ್ನೆಲ್ಲ ಒಣಗಿದ ರಕ್ತ. ಆ ರಕ್ತ ಅಮರನದು. ಭಾನುವಾರ ಸಂಜೆ ಕಾಡಿನೊಳಗಿನ ಹಳೆಯ ಉಪ್ಪಿನ ಸುಂಕದ ಚೌಕಿಯಿಂದ ಅಮರನನ್ನು ಬೆನ್ನ ಮೇಲೆ ಹೊತ್ತು, ನಾಲ್ಕು ಕಿಲೋಮೀಟರ್ ಇಳಿದು, ಡಾಂಬರು ರಸ್ತೆಯಲ್ಲಿ ಜೀಪೊಂದನ್ನು ನಿಲ್ಲಿಸಿ ದವಾಖಾನೆಗೆ ಮುಟ್ಟಿಸಿದವನು ಇವನೇ. ಹೆಡ್ ಕಾನ್‌ಸ್ಟೆಬಲ್ ಈರಣ್ಣ ದವಾಖಾನೆಗೆ ಹೋಗಿ, ಅಂಗಿ ನೋಡಿ, ಕೈಯಲ್ಲಿದ್ದ ಬಡಿಗೆ ನೋಡಿ, ರಾತ್ರಿ ಎಂಟಕ್ಕೆ ಇವನನ್ನೇ ಹಿಡಿದು ತಂದಿದ್ದ. ಬಡಿಗೆಯನ್ನು ಜಪ್ತಿ ಮಾಡಿದ್ದ. ಸಂಜೆ ಕೋರ್ಟಿಗೆ ಕೊಡುವ ರಿಮಾಂಡ್ ಅರ್ಜಿಯನ್ನೂ ಟೈಪು ಮಾಡಿಸಿ ಇಟ್ಟಿದ್ದ. ಬೇರೆ ದಿನ ಆ ಠಾಣೆಯಲ್ಲಿ ಒಂದು ಅರ್ಜಿ ಟೈಪಾಗಲು ಮೂರು ದಿನ ಬೇಕು.

"ಹೊತ್ತ ತಂದಾಂವನ್ನ ಹಿಡದಿಯಲ್ಲ ಈರಣ್ಣ," ಎಂದ ಕಲಂದರ. ದನಿ ಏರಿರಲಿಲ್ಲ. ಅವನನ್ನು ಬಲ್ಲವರು ಹೆದರುತ್ತಿದ್ದುದು ಆ ಏರದ ದನಿಗೇ.

"ಅಂಗೀ ಮ್ಯಾಲ ರಕ್ತ ಐತ್ರಿ ಸರ್."

"ಬೆನ್ನಿಗೆ ಐತಿ. ಹೊಡದಾಂವಗ ರಕ್ತ ಬೆನ್ನಿಗೆ ಸಿಡೀತೈತೇನು?"

ಈರಣ್ಣ ಗೋಡೆಯ ಗಡಿಯಾರ ನೋಡಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೇಲಿನ ಸಾಹೇಬರು.

"ಏನ್ ನದಾಫ, ರಕ್ತ ಐತಿ, ಬಡಿಗಿ ಐತಿ, ಮನಶ್ಯಾ ಕೈಯಾಗ ಐತಿ. ಸಂಜಿಕ ಕೋರ್ಟಿಗೆ ಹಾಜರ ಮಾಡ್ರಿ. ಪೇಪರಿನವರು ಮುಂಜಾನಿಂದ ತಲಿ ತಿನ್ನಾಕತ್ತಾರ."

"ಸ್ಥಳ ಪಂಚನಾಮಾ ಆಗಿಲ್ರಿ ಸರ್."

"ಮಾಡ್ಕೋರಿ. ಐದಕ್ಕ ಒಬ್ಬ ಆರೋಪಿ ಕೋರ್ಟಿನ್ಯಾಗ ಇರಬೇಕು."

ಫೋನಿಟ್ಟ ಮೇಲೆ ಕಲಂದರ ಲೆಕ್ಕ ಹಾಕಿದ. ಖಾನಾಪುರದ ಕೋರ್ಟು ಐದೂವರೆಗೆ ಏಳುತ್ತದೆ. ಅಷ್ಟರೊಳಗೆ ನಿಜವಾಗಿ ಹೊಡೆದವನು ಸಿಗದಿದ್ದರೆ ಮಾಯಪ್ಪ ಹಿಂಡಲಗಾ ಜೈಲಿಗೆ. ಒಮ್ಮೆ ಹೋದರೆ ಬೇಗ ಬರುವುದೂ ಇಲ್ಲ. ಜಾಮೀನಿಗೆ ನಿಲ್ಲುವವನ ಹತ್ತಿರ ಹೊಲದ ಪಹಣಿ ಇರಬೇಕು. ಗವಳಿವಾಡೆಯಲ್ಲಿ ಒಬ್ಬನ ಹೆಸರಿನಲ್ಲೂ ಅಂಗೈ ಅಗಲದ ಜಮೀನಿಲ್ಲ. ಮನೆಯಲ್ಲಿ ಹೆಂಡತಿ ಒಬ್ಬಳೇ, ಹನ್ನೊಂದೂ ಎಮ್ಮೆಗಳನ್ನು ನಿನ್ನೆ ಸಂಜೆಯಿಂದ ಅವಳೇ ಹಿಂಡಬೇಕು. ಇದನ್ನೆಲ್ಲ ಮಾಯಪ್ಪ ಹೇಳಿಕೊಳ್ಳಲೂ ಇಲ್ಲ. ಹೇಳಿಕೊಂಡಿದ್ದರೆ ಕಲಂದರನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

"ಮಾಯಪ್ಪ, ಮ್ಯಾಲ ಕುಂದರು. ಚೌಕಿಗೆ ಯಾಕ ಹೋಗಿದ್ದಿ?"

"ಎಮ್ಮಿ ಹೊಡಕೊಂಡ ಬರಾಕ ಹೊಂಟಿದ್ದೆ ಸಾಹೇಬ. ದಾರಿಯೊಳಗ ಒಬ್ಬಾಂವ ಭೇಟಿ ಆದ. 'ಮ್ಯಾಲ ಚೌಕಿ ಹಂತೇಲಿ ಒಬ್ಬಾಂವ ಬಿದ್ದಾನ, ಜೀವ ಐತಿ, ಲಗೂನ ಹೋಗು' ಅಂದ. ಹೋದೆ."

"ಇದನ್ನ ನಿನ್ನೆ ಹೇಳಿದ್ದಿ?"

"ಖರೇ ಹೇಳೀನ್ರಿ. ಹವಾಲ್ದಾರ ಬರಕೊಳ್ಳಲಿಲ್ಲ."

ಕಲಂದರ ಈರಣ್ಣನ ಕಡೆ ತಿರುಗಿದ. "ಕಟ್ಟುಕತಿ ಅನಸ್ತ್ರಿ ಸರ್," ಎಂದ ಈರಣ್ಣ. ಕಲಂದರ ಮತ್ತೆ ಮಾಯಪ್ಪನ ಕಡೆ ತಿರುಗಿದ.

"ಹೆಂಗಿದ್ದ ಅಂವ?"

"ನಿಮ್ಮಷ್ಟ ವಯಸ್ಸು, ಇಲ್ಲಾ ಒಂದೀಟ ಹೆಚ್ಚು. ಹೆಗಲ ಮ್ಯಾಲ ಕರೀ ಕಂಬಳಿ, ಕೈಯಾಗ ಬಡಿಗಿ. ಕಾಲಾಗ ಮಾತ್ರ ಆಫೀಸಿನವರ ಕರೀ ಬೂಟು. ಮಾತು ನಮ್ಮಂಗ ಮರಾಠಿ ಬೆರಸಿದ್ದಲ್ಲ, ಬಯಲಸೀಮಿ ಕನ್ನಡ."

೧೦.೧೫ಕ್ಕೆ ಎಫ್‌ಐಆರ್ ದಾಖಲಾಯಿತು: ಅಪರಾಧ ಸಂಖ್ಯೆ ೨೧/೨೦೦೩, ಐಪಿಸಿ ೩೦೭, ಕೊಲೆ ಯತ್ನ. ಆರೋಪಿಯ ಜಾಗದಲ್ಲಿ ಕಲಂದರ ತನ್ನ ಕೈಯಾರೆ 'ಅಪರಿಚಿತ' ಎಂದು ಬರೆದ.

ನಂತರ ಅನುರಾಧಾ ಅವರನ್ನು ಕೇಳಿದ.

"ನಿಮ್ಮ ಮನಿಯವರು ಏನ ಕೆಲಸ ಮಾಡ್ತಾರ?"

"ಸರ್ವೇ ಸಾಮಾನು ಮಾರೋ ಅಂಗಡಿ ಅದರೀ. ದುರ್ಬೀನು, ಟೇಪು, ಜಿಪಿಎಸ್."

"ಕಾಡಿಗೆ ಯಾಕ ಹೋಗಿದ್ರು?"

ಅನುರಾಧಾ ಚೀಲದಿಂದ ಕಂಪ್ಯೂಟರಿನಲ್ಲಿ ಮುದ್ರಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದೊಂದು ಆಟ ಎಂದರು. ಹೆಸರು ಜಿಯೋಕ್ಯಾಶಿಂಗ್, ಅಮೆರಿಕದಲ್ಲಿ ಹುಟ್ಟಿ ಮೂರು ವರ್ಷವೂ ಆಗಿಲ್ಲ. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಉಳಿದವರು ಉಪಗ್ರಹದಿಂದ ದಾರಿ ತೋರಿಸುವ ಕೈಯಂತ್ರ ಹಿಡಿದು ಹುಡುಕಿಕೊಂಡು ಬರುತ್ತಾರೆ. ಸಿಕ್ಕರೆ ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು, ತಾರೀಕು ಬರೆಯಬೇಕು. ಒಂದು ವಸ್ತು ತೆಗೆದುಕೊಂಡರೆ ಒಂದು ವಸ್ತು ಇಟ್ಟು ಹೋಗಬೇಕು.

"ನಿಮ್ಮ ಮನಿಯವರ ವಯಸ್ಸೆಷ್ಟ ಅಂದ್ರಿ?"

"ಮೂವತ್ತಾರು," ಎಂದರು ಅನುರಾಧಾ. ಅವರಿಗೂ ಈ ಪ್ರಶ್ನೆ ಹೊಸದಲ್ಲ ಎಂಬಂತಿತ್ತು.

ಹಾಳೆಯ ತಲೆಬರಹ 'ಉಪ್ಪುಗಳ್ಳನ ಗೋರಿ'. ಅಮರನೇ ಇಂಗ್ಲಿಷಿನಲ್ಲಿ ಬರೆದದ್ದು. ಈ ಚೌಕಿ ಬ್ರಿಟಿಷ್ ಇಂಡಿಯಾದ ಕಟ್ಟಕಡೆ, ಇದರಾಚೆ ಪೋರ್ಚುಗೀಸರ ಗೋವಾ. ೧೮೯೦ರ ದಶಕದಲ್ಲಿ ಸುಂಕ ತಪ್ಪಿಸಿ ಗೋವಾದಿಂದ ಉಪ್ಪು ತರುತ್ತಿದ್ದ ಒಬ್ಬ ಅನಾಮಧೇಯ ಕಳ್ಳನನ್ನು ಸಿಪಾಯಿಗಳು ಇಲ್ಲಿ ಗುಂಡಿಟ್ಟು ಕೊಂದರು. ಬಂದವರು ಅವನ ಕಲ್ಲಿನ ಬುಡದಲ್ಲಿ ಹುಡುಕಿರಿ. ಕೆಳಗೆ ೨೦೦೨ರ ಮಾರ್ಚ್‌ನಲ್ಲಿ ಸೇರಿಸಿದ ಸಾಲು: ಸ್ಥಳೀಯರ ನಂಬಿಕೆಯಂತೆ ಇಲ್ಲಿ ಚಿಟಿಕೆ ಉಪ್ಪಿಟ್ಟರೆ ಅದೃಷ್ಟ ಖುಲಾಯಿಸುತ್ತದೆ, ಜೇಬಿನಲ್ಲಿ ಉಪ್ಪು ತನ್ನಿ. ಕಲಂದರ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಗೋರಿಯ ಮೇಲೆ ಆಟ ಕಟ್ಟಿದ ಮನುಷ್ಯನೇ ಈಗ ತಾನು ಕಾಪಾಡಬೇಕಾದ ಫಿರ್ಯಾದಿಯ ಕಡೆಯವನು ಎಂಬುದು ಅವನಿಗೆ ಕಸಿವಿಸಿ ಮಾಡಿತು.

ಹಳೆಯ ಬಂಡಿದಾರಿಯಲ್ಲಿ ಜೀಪು ಕುಲುಕಾಡುತ್ತ ಚೌಕಿ ಮುಟ್ಟಿದಾಗ ೧೧.೪೦. ಜೊತೆಗೆ ಇಬ್ಬರು ಪಂಚರು ಮತ್ತು ಕಾನ್‌ಸ್ಟೆಬಲ್ ಬೀರೇಶ. ಬೀರೇಶ ಪಾರಿಶ್ವಾಡದ ಕಡೆಯವನು, ಕುರಿ ಕಾಯುವ ಮನೆತನದಿಂದ ಖಾಕಿಗೆ ಬಂದವನು, ಕಡಿಮೆ ಮಾತಿನವನು.

ಚೌಕಿ ಎಂದರೆ ಈಗ ಮೂರು ಗೋಡೆ ಮತ್ತು ಒಂದು ಕಮಾನು. ಕಮಾನಿನ ಮೇಲೆ ಬಿಳಲು ಬಿಟ್ಟ ಆಲದ ಮರ. ಹಿಂಭಾಗದಲ್ಲಿ ಮೊಣಕಾಲೆತ್ತರದ ಕಲ್ಲು. ಅದರ ಮುಂದೆ ಎರಡು ಮಾರು ದೂರದಲ್ಲಿ ಅಮರ ಬಿದ್ದಿದ್ದ ಜಾಗ, ತರಗೆಲೆಗಳ ಮೇಲೆ ಕಪ್ಪಾದ ರಕ್ತ. ಪಕ್ಕದಲ್ಲಿ ಹಾರೆ, ಹಸಿರು ಪ್ಲಾಸ್ಟಿಕ್ ಡಬ್ಬಿ, ಇನ್ನೂ ಬೆಲೆಚೀಟಿ ಕಿತ್ತಿರದ ಮತ್ತೊಂದು ದೊಡ್ಡ ಡಬ್ಬಿ. ಜಿಪಿಎಸ್ ಯಂತ್ರವನ್ನು ಯಾರೋ ಕಲ್ಲಿನಿಂದ ಜಜ್ಜಿ ಪುಡಿ ಮಾಡಿದ್ದರು. ಪಾಕೀಟು, ವಾಚು ಯಾವುದಕ್ಕೂ ಯಾರೂ ಕೈ ಹಚ್ಚಿರಲಿಲ್ಲ.

ಕಲಂದರ ಕಲ್ಲಿನ ಮುಂದೆ ಕುಕ್ಕರಿಸಿದ. ಬುಡದ ಸುತ್ತ ಮಣ್ಣು ಹೊಸದು. ಒಂದು ಬದಿಯಲ್ಲಿ ಹಾರೆ ಹಾಕಿ ಮೀಟಿದ ಗುರುತು. ಕಲ್ಲಿನ ಮೈಗೆ ಅಂಟಿದ ಹಸಿಮಣ್ಣು ನೋಡಿದರೆ ಅದು ಮಗ್ಗುಲಿಗೆ ಉರುಳಿ ಬಿದ್ದಿತ್ತು. ಆದರೆ ಈಗ ನೆಟ್ಟಗೆ ನಿಂತಿದೆ. ಬುಡದ ಮಣ್ಣನ್ನು ಕೈಯಿಂದ ತುಂಬಿ, ಒತ್ತಿ, ತಟ್ಟಿ ಗಟ್ಟಿ ಮಾಡಲಾಗಿದೆ. ಬೆರಳುಗಳ ಗುರುತು ಹಾಗೇ ಇವೆ.

"ಅಮರ ದೊಡ್ಡ ಡಬ್ಬಿ ಹುಗಿಯಾಕ ಕಲ್ಲ ಕೆಡವ್ಯಾನ," ಎಂದ ಕಲಂದರ. "ಹೊಡದಾಂವ ಹೊಡದು ಓಡಿಲ್ಲ. ಬಾಜುಕ ಮನಶ್ಯಾ ಬಿದ್ದಿದ್ರೂ ಕಲ್ಲ ಎತ್ತಿ ನಿಲ್ಲಿಸಿ, ಮಣ್ಣ ತುಂಬಿ ಹೋಗ್ಯಾನ."

ಬೀರೇಶ ಬರೆದುಕೊಂಡ. ಕಲ್ಲಿನ ಮುಂದೆ ಮುತ್ತುಗದ ಎಲೆಯ ಮೇಲೆ ಹರಳುಪ್ಪು, ಇಬ್ಬನಿಗೆ ಅರ್ಧ ಕರಗಿತ್ತು. ಪಕ್ಕದಲ್ಲಿ ಚಿಕ್ಕ ಕಲ್ಲಿನ ಕೆಳಗೆ ಒತ್ತಿಟ್ಟ ಒಂದು ಹಿಡಿ ಕರಿಯ ಉಣ್ಣೆ.

ಕಲಂದರ ಉಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಉಜ್ಜಿದ. ಅವನ ಅಪ್ಪ ಬೆಳಗಾವಿಯ ಓಣಿಗಳಲ್ಲಿ ಬಿಲ್ಲು ಹೊತ್ತು ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದವರು. ಶಾಲೆಗೆ ರಜೆ ಬಿದ್ದರೆ ಮಗನ ಕೈಗೂ ಹತ್ತಿ, ಉಣ್ಣೆ ಬರುತ್ತಿತ್ತು. ಉಣ್ಣೆಯ ತುದಿ ಒಂದೇ ಸಮ, ಈಚೆಗೆ ಕತ್ತರಿಸಿದ್ದು. ಒಳಗಿನಿಂದ ಉದುರಿದ ಧೂಳು ಕಪ್ಪು. ಈ ಕಾಡಿನ ಮಣ್ಣು ಕೆಂಪು.

"ಬೀರೇಶ, ಈ ಕಡಿ ಕುರಿ ಸಾಕತಾರೇನು?"

"ಇಲ್ರಿ. ಇಲ್ಲಿ ಮಳಿಗೆ ಕುರಿ ಗೊರಸ ಕೊಳೀತಾವ. ಇಲ್ಲೆಲ್ಲ ಎಮ್ಮೀನ."

"ಮತ್ತ ಇದು ಎಲ್ಲೀದು?"

ಬೀರೇಶ ಉಣ್ಣೆಯನ್ನೂ ಉಪ್ಪನ್ನೂ ನೋಡಿದ. ಪೆನ್ನಿನ ಮುಚ್ಚಳ ಹಾಕಿದ, ತೆಗೆದ.

"ಗೊತ್ತಿದ್ರ ಹೇಳು. ಅಲ್ಲಿ ಠಾಣ್ಯಾಗ ಒಬ್ಬಾಂವ ನೆಲದ ಮ್ಯಾಲ ಕುಂತಾನ."

"ನಿನ್ನೆ ಭಾರತ ಹುಣ್ಣವಿ ಇತ್ರಿ ಸರ್," ಎಂದ ಬೀರೇಶ ಕೊನೆಗೆ. "ನಮ್ಮ ಮಂದಿ ಎಲ್ಲಾ ಅವತ್ತ ಮೈಲಾರದ ಜಾತ್ರಿಗೆ ಹೋಗ್ತಾರ. ಬೀಡಿ ಅನ್ನೋ ಊರಾಗ ಒಂದ ಮನಿ ಮಾತ್ರ ಹೋಗೂದಿಲ್ಲ. ಉಪ್ಪಿನವರು ಅಂತಾರ ಅವರಿಗೆ. ಆ ಮನಿಯಿಂದ ಒಬ್ಬ ಗಂಡಸು ಉಪ್ಪು, ಉಣ್ಣಿ ತಗೊಂಡು ಪಡುವಲ ಕಾಡಿಗೆ ಹೋಗಿ ಬರತಾನ. ಎಲ್ಲಿಗೆ ಅನ್ನೂದು ನನಗ ಇವತ್ತ ತಿಳೀತು."

ಡಬ್ಬಿಯೊಳಗೆ ಪೆನ್ಸಿಲ್, ಗೋಲಿ, ನಾಲ್ಕಾರು ಉಪ್ಪಿನ ಪೊಟ್ಟಣ ಮತ್ತು ಪುಸ್ತಕ. ಮುಚ್ಚಳದ ಮೇಲೆ ಅಮರನ ಅಂಗಡಿಯ ವಿಳಾಸ. ಪುಸ್ತಕದ ಮೊದಲ ಪುಟದಲ್ಲಿ ಅಮರನ ಕೈಬರಹ: '೧೪ ಅಕ್ಟೋಬರ್ ೨೦೦೧. ಡಬ್ಬಿಯಲ್ಲಿಟ್ಟ ಬಹುಮಾನಗಳು: ಪೆನ್ಸಿಲ್, ಗೋಲಿ, ಇಲ್ಲೇ ಕಲ್ಲಿನ ಕೆಳಗೆ ಸಿಕ್ಕ ಹಳೆಯ ಕತ್ತರಿ.' ಎರಡನೆಯ ಪುಟದಲ್ಲಿ ಗೋವಾಕ್ಕೆ ಹೊರಟಿದ್ದ ಜರ್ಮನಿಯ ಪ್ರವಾಸಿಯೊಬ್ಬನದು: '೨೩ ಡಿಸೆಂಬರ್ ೨೦೦೧. ಕತ್ತರಿ ತೆಗೆದುಕೊಂಡೆ, ಕೀಚೈನ್ ಇಟ್ಟೆ. ಸುಂದರ ಜಾಗ.' ಆ ಕೀಚೈನ್ ಡಬ್ಬಿಯಲ್ಲಿ ಇರಲಿಲ್ಲ. ಅದನ್ನು ತೆಗೆದುಕೊಂಡೆ ಎಂದು ಯಾರೂ ಬರೆದೂ ಇರಲಿಲ್ಲ. ಆಟದ ನಿಯಮ ಮುರಿದವನು ಒಬ್ಬನೇ ಇದ್ದ, ಅವನು ಆಟದವನಲ್ಲ.

೧೨.೨೫ಕ್ಕೆ ಪಂಚನಾಮೆಗೆ ಸಹಿ ಬಿತ್ತು. ಕಲಂದರ ವೈರ್‌ಲೆಸ್ಸಿನಲ್ಲಿ ಈರಣ್ಣನನ್ನು ಹಿಡಿದ. "ಮಾಯಪ್ಪನ್ನ ಕರಕೊಂಡು ಖಾನಾಪುರ ಕೋರ್ಟಿಗೆ ಬಾ. ನಾ ಬರೂತನಕ ಅರ್ಜಿ ಕೊಟ್ಟಿ ಅಂದ್ರ ನೋಡು. ದಾರಿಯೊಳಗ ಅಂವಗ ಊಟ ಹಾಕಸು."

೧.೫೦ಕ್ಕೆ ಬೀಡಿ ಊರು. ಉಪ್ಪಿನವರ ಮನೆ ಊರ ತುದಿಯಲ್ಲಿ, ಅಂಗಳದಲ್ಲಿ ಕುರಿದಡ್ಡಿ. ಎಪ್ಪತ್ತೆರಡರ ರೇಣವ್ವ ಕಟ್ಟೆಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ಖಾಕಿ ಕಂಡು ಹೆದರಲಿಲ್ಲ. "ಬರ್ರಿ, ಕುಂದರ್ರಿ," ಎಂದಳು. ಬೀರೇಶ ಯಾರ ಮಗ ಎಂದು ಕೇಳಿ, ತಿಳಿದುಕೊಂಡು, ಮಜ್ಜಿಗೆ ತರಲು ಎದ್ದಳು. ಕಲಂದರ ಬೇಡವೆಂದ. ಇವಳ ಮಜ್ಜಿಗೆ ಕುಡಿದು ಕೇಳುವ ಮಾತಲ್ಲ ಅದು.

"ಕಾಡಿನ್ಯಾಗ ಇರೋ ಕಲ್ಲು ಯಾರದವ್ವ?"

"ನಮ್ಮ ಮಾವನ ಅಪ್ಪಂದ್ರಿ. ಕುರಿಗೆ ಉಪ್ಪ ಬೇಕಲ್ರಿ, ಉಪ್ಪ ನೆಕ್ಕದಿದ್ರ ಕುರಿ ಒಣಗತಾವ. ಆವಾಗ ಇಂಗ್ರೇಜಿ ಸರ್ಕಾರದ ಉಪ್ಪು ಕೈಗೆ ಎಟಕತಿದ್ದಿಲ್ಲಂತ. ಗೋವಾ ಕಡಿಂದ ಎರಡ ಚೀಲ ಕತ್ತೆ ಮ್ಯಾಲ ಹೇರಿಕೊಂಡ ಬರುವಾಗ ಚೌಕಿ ಸಿಪಾಯಿ ಗುಂಡ ಹೊಡದ. ಕುರಿಗೆ ತಂದ ಉಪ್ಪಿಗೆ ಮನಶ್ಯಾನ್ನ ಕೊಂದ್ರು. ಹೆಂಡತಿ ನಾಕ ದಿನ ನಡಕೊಂತ ಹೋಗಿ ಅಲ್ಲೇ ಮಣ್ಣ ಮಾಡಿದ್ಲು. ಅಂವ ಟೊಂಕಕ್ಕ ಸಿಗಿಸಿಕೊಂಡಿದ್ದ ಉಣ್ಣಿ ಕತ್ತರಿ ತಲಿ ಕಡಿ ಇಟ್ಟು ಕಲ್ಲ ನಿಲ್ಲಿಸಿದ್ಲು. ಅವತ್ತಿಂದ ವರ್ಸಾ ಭಾರತ ಹುಣ್ಣವಿಗೆ ಹೋಗಿ, ಕತ್ತರಿ ತಗದು ಎಣ್ಣಿ ಹಚ್ಚಿ, ಉಪ್ಪು ಉಣ್ಣಿ ಇಟ್ಟು ಬರೂದು. ಬರಗೈಲೆ ಬರೂದಿಲ್ರಿ ಅಲ್ಲಿಂದ."

"ಈಗ ಯಾರ ಹೋಗ್ತಾರ?"

"ನನ್ನ ಮಗ ಮೈಲಾರಲಿಂಗ. ಬೆಳಗಾವಿ ಕೋಟೆ ಒಳಗ ಒಂದ ಸರ್ಕಾರಿ ಆಫೀಸಿನ್ಯಾಗ ಅಟೆಂಡರ್ ಅದಾನ." ಹೆಮ್ಮೆಯಿಂದ ಹೇಳಿದಳು. ಆಮೇಲೆ ಒಳಗೆ ಹೋಗಿ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದಳು. ಲಂಗರಿನ ಆಕಾರದ ಹಿತ್ತಾಳೆ ಕೀಚೈನ್. "ಹೋದ ವರ್ಸ ಹೋದ್ರ ಕತ್ತರಿ ಇಲ್ಲ. ಒಂದ ಹಸರ ಡಬ್ಬಿ, ಅದರಾಗ ಇದು. ಬರಗೈಲೆ ಬರಬಾರದಂತ ಇದನ್ನ ತಂದ. ಡಬ್ಬಿ ಮ್ಯಾಲ ಅಂಗಡಿ ಹೆಸರಿತ್ತಂತ. ಮಗ ಆ ಅಂಗಡಿಗೆ ಹೋಗಿ ಕೈ ಮುಗದು ಕೇಳಿದ. ನಮ್ಮ ಹಿರೇರ ಕತ್ತರಿ ತರಸ್ರಿ, ಆ ಡಬ್ಬಿ ತಗೀರಿ ಅಂತ. ಆ ಸಾವಕಾರ ನಕ್ಕು, ಡ್ರಾಯರಿನ್ಯಾಗಿಂದ ಒಂದ ಹೊಸಾ ಕತ್ತರಿ ತಗದು, ಇದು ಅದಕ್ಕಿಂತ ಚಲೋ ಅದ, ತಗೋ ಅಂದನಂತ."

ಜೇಬಿನಲ್ಲಿದ್ದ ಹಾಳೆಯ ಮಾರ್ಚ್ ತಿಂಗಳ ಸಾಲು ಕಲಂದರನಿಗೆ ಈಗ ಅರ್ಥವಾಯಿತು. ಕೈಮುಗಿದು ಹೇಳಿಕೊಂಡವನ ದುಃಖವನ್ನು ಆ ಮನುಷ್ಯ ಅದೃಷ್ಟದ ಚಿಟಿಕೆ ಉಪ್ಪು ಮಾಡಿ ಆಟಕ್ಕೆ ಸೇರಿಸಿದ್ದ.

"ನನ್ನ ಮಗ ಏನರ ಮಾಡ್ಯಾನೇನ್ರಿ?" ಎಂದು ಕೇಳಿದಳು ರೇಣವ್ವ. ಕೀಚೈನ್ ಜಪ್ತಿ ಮಾಡುವ ಕಾಗದ ಬರೆಯುತ್ತಿದ್ದ ಬೀರೇಶನ ಕೈ ನಿಂತಿತು. ಕೇಳಬೇಕು ಅವ್ವ, ಕೇಳಿ ಹೇಳತೀನಿ ಎಂದು ಕಲಂದರ ಜೀಪು ಹತ್ತಿದ. ಆ ಮುದುಕಿಯ ಬಾಯಿಯಿಂದಲೇ ಅವಳ ಮಗನ ವಿರುದ್ಧದ ಸಾಕ್ಷಿ ತೆಗೆದಿದ್ದಕ್ಕೆ ತನ್ನ ಮೇಲೇ ಅವನಿಗೆ ಅಸಹ್ಯ ಹುಟ್ಟಿತ್ತು.

೩.೦೫ಕ್ಕೆ ಬೆಳಗಾವಿಯ ಆಸ್ಪತ್ರೆ. ಅಮರನಿಗೆ ಎಚ್ಚರ ಬಂದಿತ್ತು, ಐದು ನಿಮಿಷಕ್ಕಿಂತ ಹೆಚ್ಚು ಬೇಡ ಎಂದರು ಡಾಕ್ಟರು. ಅಷ್ಟು ಸಾಕಾಗಿತ್ತು.

"ಹೊಡದವರನ್ನ ನೋಡಿದ್ರೇನು?"

"ಇಲ್ಲರೀ. ಬಗ್ಗಿ ಮಣ್ಣ ತಗೀಲಿಕ್ಕೆ ಹತ್ತಿದ್ದೆ. ಹಿಂದಿಂದ ಕಾಲಿಗೆ ಬಿತ್ತು, ಆಮ್ಯಾಲ ತಲಿಗೆ."

"ಆ ಡಬ್ಬಿ ಬಗ್ಗೆ ಯಾರರ ತಕರಾರ ಮಾಡಿದ್ರ?"

"ಯಾರೂ ಇಲ್ಲ." ಸ್ವಲ್ಪ ತಡೆದು, "ಹಾಂ, ಒಬ್ಬ ಅಂಗಡಿಗೆ ಬಂದಿದ್ದ. ಪಾಪ, ಹಳ್ಳಿಯವ. ಛಲೋ ಕತಿ ಹೇಳಿದ, ಅದನ್ನೂ ಪೇಜಿಗೆ ಹಾಕಿದೆ. ಮಂದಿಗೆ ಭಾಳ ಸೇರ್ತು. ಅದಕ್ಕ ದೊಡ್ಡ ಡಬ್ಬಿ ಇಡೂಣು ಅಂತ ಹೋಗಿದ್ದೆ."

"ಅವನ ಹೆಸರು?"

"ನೆನಪಿಲ್ಲರೀ."

"ಕೇಳಿದ್ರಿ?"

ಅಮರ ಕಣ್ಣು ಮುಚ್ಚಿಕೊಂಡ. ಕೇಳಿರಲಿಲ್ಲ ಎಂಬುದು ಅವನಿಗೂ ಆಗಲೇ ಹೊಳೆದಿರಬೇಕು. ಕಲಂದರ ಹೇಳಿಕೆಗೆ ಸಹಿ ಮಾಡಿಸಿಕೊಂಡ. ತಲೆಗೆ ಪಟ್ಟಿ ಕಟ್ಟಿಕೊಂಡು ಮಲಗಿದವನ ಮೇಲೆ ಕೂಗಾಡುವ ಹಾಗಿಲ್ಲ, ಅದೇ ಕಷ್ಟವಾಗಿತ್ತು.

೩.೩೦ಕ್ಕೆ ಕೋಟೆ. ಕಲಂದರ ಹುಟ್ಟಿ ಬೆಳೆದ ಮನೆ ಅಲ್ಲಿಂದ ಕೂಗಳತೆ ದೂರ. ಆಫೀಸಿನ ವರಾಂಡದಲ್ಲಿ ಐವತ್ತೆರಡು ವಯಸ್ಸಿನ, ಕರಿ ಬೂಟಿನ ಅಟೆಂಡರ್ ಫೈಲುಗಳ ಕಟ್ಟು ಹಿಡಿದು ಬರುತ್ತಿದ್ದ. ಖಾಕಿ ನೋಡಿ ನಿಂತ. ಓಡಲಿಲ್ಲ.

"ಮೈಲಾರಲಿಂಗ ಬೀರಪ್ಪ ಉಪ್ಪಿನವರ?"

"ಹೌದ್ರಿ. ಬದುಕ್ಯಾನೇನ್ರಿ?"

"ಬದುಕ್ಯಾನ."

ಮೈಲಾರಲಿಂಗ ತಲೆ ಆಡಿಸಿದ. ಅದರಲ್ಲಿ ಸಂತೋಷವೂ ಇರಲಿಲ್ಲ, ನಿರಾಶೆಯೂ ಇರಲಿಲ್ಲ.

"ಯಾಕ ಹೊಡದಿ?"

"ನಾ ಹೋಗೂದ್ರೊಳಗ ಕಲ್ಲ ಕೆಡವಿದ್ದ. ಹಾರಿಲೆ ಒಳಗ ಅಗ್ಯಾಕತ್ತಿದ್ದ. ಬಾಯಾಗ ಸೀಟಿ ಹೊಡಕೊಂತ." ಅವನು ಫೈಲುಗಳ ಕಟ್ಟನ್ನು ಎದೆಗೆ ಒತ್ತಿಕೊಂಡ. "ವರ್ಸದ ಹಿಂದ ಕೈ ಮುಗದು ಹೇಳಿದ್ದೆ ಸಾಹೇಬ್ರ. ನಮ್ಮ ಹಿರಿಯಾನ ಎಲುಬ ಅದಾವ ಅಲ್ಲೆ ಅಂತ. ಮತ್ತೂ ಅಗ್ಯಾಕತ್ತಿದ್ದ."

"ನೀ ಹೊಡದದ್ದಕ್ಕ ಬ್ಯಾರೆ ಒಬ್ಬಾಂವ ಒಳಗ ಅದಾನ. ದಾರಿಯೊಳಗ ನೀ ಹೇಳಿ ಕಳಿಸಿದ ಗವಳಿ."

"ಹೊತ್ತ ತಂದಾಂವನ್ನ ಯಾಕ ಹಿಡದ್ರಿ?"

ಬೆಳಿಗ್ಗೆ ತಾನೇ ಈರಣ್ಣನಿಗೆ ಕೇಳಿದ ಪ್ರಶ್ನೆ. ಈಗ ಉತ್ತರ ಕೊಡಬೇಕಾದವನು ತಾನು. ಮೈಲಾರಲಿಂಗ ಉತ್ತರಕ್ಕೆ ಕಾಯಲಿಲ್ಲ. ಫೈಲುಗಳನ್ನು ಒಳಗೆ ಸಾಹೇಬರ ಮೇಜಿನ ಮೇಲಿಟ್ಟು ಬಂದ. ಬಾಗಿಲ ಹಿಂದೆ ಒರಗಿಸಿದ್ದ ಬಡಿಗೆಯನ್ನು ತಾನೇ ತೋರಿಸಿದ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ತೋರಿಸಿಕೊಟ್ಟ ವಸ್ತು ನಿಲ್ಲುತ್ತದೆ. ಆಫೀಸಿನ ಇಬ್ಬರು ಗುಮಾಸ್ತರನ್ನು ಪಂಚರನ್ನಾಗಿ ಮಾಡಿ ಬಡಿಗೆಯನ್ನು ಜಪ್ತಿ ಮಾಡಲಾಯಿತು. ತುದಿಯಲ್ಲಿ ಕೂದಲು ಅಂಟಿತ್ತು. ಅವನು ಅದನ್ನು ತೊಳೆದೂ ಇರಲಿಲ್ಲ.

ಜೀಪು ಖಾನಾಪುರ ಕೋರ್ಟಿನ ಅಂಗಳಕ್ಕೆ ಬಂದಾಗ ೪.೪೫. ಮಾಯಪ್ಪ ಬೇವಿನ ಮರದ ಕೆಳಗೆ ಈರಣ್ಣನ ಪಕ್ಕದಲ್ಲಿ ನಿಂತಿದ್ದ. ಇಳಿಯುತ್ತಿದ್ದ ಮೈಲಾರಲಿಂಗನನ್ನು ಕಂಡು, "ಇಂವನ ನನಗ ಹೇಳಿದಾಂವ," ಎಂದ. ಬೀರೇಶ ಅಲ್ಲೇ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಾಕ್ಷಿ ಹೇಳಿಕೆ ಬರೆದುಕೊಂಡ. ಈ ಸಲ ಪ್ರತಿ ಮಾತೂ ಕಾಗದದ ಮೇಲೆ ಬಂತು. ಕಲಂದರ ಟೈಪು ಮಾಡಿದ ರಿಮಾಂಡ್ ಅರ್ಜಿಯನ್ನು ಈರಣ್ಣನ ಕೈಯಿಂದ ಕಿತ್ತು ನಾಲ್ಕು ತುಂಡು ಮಾಡಿದ.

"ನೀ ಹೋಗು ಮಾಯಪ್ಪ. ಜೀಪು ಮನೀತನಕ ಬಿಟ್ಟ ಬರತೈತಿ."

"ನನ್ನ ಬಡಿಗಿ?"

ಕಲಂದರ ಈರಣ್ಣನನ್ನು ನೋಡಿದ. ಈರಣ್ಣ ಉಗುಳು ನುಂಗಿ ಹೇಳಿದ: "ಕೇಸಿನ ಮುದ್ದೆಮಾಲು ಅಂತ ಬರದಾಗೈತ್ರಿ. ವಾಪಸ್ ಕೊಡಾಕ ಕೋರ್ಟಿನ ಹುಕುಂ ಬೇಕು."

ಮಾಯಪ್ಪ ಇಬ್ಬರನ್ನೂ ಒಂದು ಕ್ಷಣ ನೋಡಿದ. ಇಪ್ಪತ್ತೊಂದು ಗಂಟೆ ಅವನು ಎತ್ತರದ ದನಿಯಲ್ಲಿ ಮಾತಾಡಿರಲಿಲ್ಲ, ಈಗಲೂ ಆಡಲಿಲ್ಲ.

"ಹೊತ್ತ ತರಾಕ ನನಗ ಯಾರ ಹುಕುಮೂ ಬೇಕಾಗಿದ್ದಿಲ್ಲ ಸಾಹೇಬ. ಮುಂದಿನ ಸಲ ಹುಕುಂ ಕೇಳಿ ಹೊರತೀನಿ."

ಅವನು ಜೀಪು ಹತ್ತಲಿಲ್ಲ. ರಕ್ತದ ಅಂಗಿಯಲ್ಲೇ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ. ಇಡೀ ದಿನ ಈರಣ್ಣನ ಮೇಲೆ, ಅಮರನ ಮೇಲೆ, ಫೋನಿನ ಮೇಲೆ ಹರಿದ ಸಿಟ್ಟು ಈಗ ಇಳಿಯಲು ಜಾಗ ಸಿಗದೆ ಕಲಂದರನ ಎದೆಯಲ್ಲೇ ಕೂತಿತು.

ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಮೊದಲು ದಸ್ತಗಿರಿ ಪತ್ರ ತುಂಬಬೇಕಿತ್ತು. ಅಮರನ ಮೇಲೂ ಒಂದು ಕೇಸು ಹಾಕಬಹುದು ಎಂದು ಕಲಂದರ ಮೈಲಾರಲಿಂಗನಿಗೆ ಹೇಳಿದ. ಸತ್ತವರನ್ನು ಹೂಳಿದ ಜಾಗಕ್ಕೆ ಗೊತ್ತಿದ್ದೂ ನುಗ್ಗಿ ನೋಯಿಸಿದರೆ ಐಪಿಸಿ ೨೯೭; ಅವನಿಗೆ ಗೊತ್ತಿತ್ತು ಎಂಬುದಕ್ಕೆ ನೀನು ಅಂಗಡಿಗೆ ಹೋಗಿ ಹೇಳಿದ್ದೇ ಸಾಕ್ಷಿ. ಆದರೆ ನಿನಗೆ ಹೊಡೆಯಲು ಕಾರಣವಿತ್ತು ಎಂಬುದಕ್ಕೂ ಅದೇ ಸಾಕ್ಷಿ, ಅದನ್ನೂ ಮುಚ್ಚಿಡದೆ ಹೇಳಿದ.

"ಬರಕೋರಿ," ಎಂದ ಮೈಲಾರಲಿಂಗ. "ಹೊಡದದ್ದು ಖರೇ. ಹೇಳಿದ್ದೂ ಖರೇ."

ಬೀರೇಶ ಪೆನ್ನು ತೆಗೆದ. "ಹೆಸರು?"

"ಮೈಲಾರಲಿಂಗ."

"ತಂದಿ ಹೆಸರು?"

"ಬೀರಪ್ಪ. ಬೀರಪ್ಪನ ಅಪ್ಪ ಸಿದ್ದಪ್ಪ. ಸಿದ್ದಪ್ಪನ ಅಪ್ಪ ಮೈಲಾರಲಿಂಗ, ನನಗ ಇಟ್ಟದ್ದು ಅವನ ಹೆಸರ. ಅಲ್ಲೆ ಮಲಗ್ಯಾನಲ್ರಿ, ಅಂವ. ಆ ಅಂಗಡಿಯಾಂವ ಹೆಸರಿಲ್ಲದ ಕಳ್ಳ ಅಂತ ಹಾಕ್ಯಾನಂತ, ಆಫೀಸಿನ ಹುಡುಗೋರು ಕಂಪ್ಯೂಟರಿನ್ಯಾಗ ತೋರಿಸಿದ್ರು. ಹೆಸರ ಇತ್ರಿ ಅಂವಗ. ನಾ ಹೇಳಿದ್ದೆ."

ಪತ್ರದಲ್ಲಿ ತಂದೆಯ ಹೆಸರಿಗೆ ಇದ್ದದ್ದು ಒಂದೇ ಗೆರೆಯ ಜಾಗ. ಬೀರೇಶ ತಲೆಯೆತ್ತಿ ಸಾಹೇಬನ ಮುಖ ನೋಡಿದ.

"ಎಲ್ಲಾ ಬರಿ," ಎಂದ ಕಲಂದರ.

ಗೆರೆ ಸಾಲಲಿಲ್ಲ. ಉಳಿದ ಹೆಸರುಗಳನ್ನು ಬೀರೇಶ ಅಂಚಿನ ಖಾಲಿ ಜಾಗದಲ್ಲಿ ಬರೆದ. ಮೈಲಾರಲಿಂಗ ಬಗ್ಗಿ ಒಂದೊಂದೇ ಅಕ್ಷರ ಓದಿ ನೋಡಿ, ಕೆಳಗೆ ಸಹಿ ಮಾಡಿದ. ಆಗ ಗಂಟೆ ೫.೧೦.